ಸಂಜೆಯ ಅಂಗಡಿ

ನಮ್ಮ ಕಡಲ ಕೇರಿಯಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋದರೆ ಕ್ಷೇಮಸಮಾಚಾರ ಆರಂಭವಾಗುವುದು ಆರೋಗ್ಯದಿಂದಲ್ಲ, ಮಕ್ಕಳ ಓದುಬರಹದಿಂದಲೂ ಅಲ್ಲ. ಒಲೆಯ ಮೇಲಿನ ಗಡಿಗೆಯಿಂದ. "ಎಂತ ಪದಾರ್ಥ ಇವತ್ತು?" ಎಂದು ಕೇಳಿದರೆ ಎಲ್ಲವನ್ನೂ ಕೇಳಿದಂತೆ. ಬಂಗಡೆ ಸಾರು ಎಂದರೆ ಮನೆಯವರು ಸುಖವಾಗಿದ್ದಾರೆ. ಒಣಮೀನಿನ ಚಟ್ನಿ ಎಂದರೆ ದೋಣಿ ಬರಿಗೈಯಲ್ಲಿ ದಂಡೆಗೆ ಬಂದಿದೆ. "ಎಂತದೂ ಇಲ್ಲ, ಗಂಜಿ ಉಪ್ಪಿನಕಾಯಿ" ಎಂಬ ಉತ್ತರ ಬಂದರೆ ಕೇಳಿದವರು ಮನೆಗೆ ಹೋಗಿ ಒಂದು ಬಟ್ಟಲು ಸಾರನ್ನು ಸೆರಗಿನಡಿ ಮುಚ್ಚಿಕೊಂಡು ತಂದುಕೊಡಬೇಕು. ಕೇಳಿಯೂ ಸುಮ್ಮನಿದ್ದವರ ಬಗ್ಗೆ ಕೇರಿ ಬಹಳ ಕಾಲ ಮಾತಾಡಿಕೊಳ್ಳುತ್ತಿತ್ತು.

ಕುಮಟೆಯ ಕಾಗಾಲದ ಹತ್ತಿರದ ಆ ಕೇರಿಯನ್ನು ಬಿಟ್ಟು ನಾನು ಬಹಳ ದೂರವೇನೂ ಹೋಗಲಿಲ್ಲ. ಹೊನ್ನಾವರ, ಭಟ್ಕಳ ಎಂದು ಇದೇ ಕರಾವಳಿಯಲ್ಲಿ ಗುಮಾಸ್ತಿಕೆ ಮಾಡಿ, ನಿವೃತ್ತಳಾಗಿ, ಈಗ ಕುಮಟೆ ಪೇಟೆಯ ಒಂದು ಪುಟ್ಟ ಮನೆಯಲ್ಲಿದ್ದೇನೆ. ಪಕ್ಕದ ಮನೆಯವರು ಒಳ್ಳೆಯವರು, ಕಂಡರೆ ನಗುತ್ತಾರೆ. ಆದರೆ ನನ್ನ ಒಲೆಯ ಮೇಲೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಅದು ಅಸಭ್ಯತೆ ಎಂದು ಈಚೆಗೆ ತೀರ್ಮಾನವಾದಂತಿದೆ. ಕೆಲವು ಮಧ್ಯಾಹ್ನ ಅನ್ನ ಬಡಿಸಿಕೊಂಡು ಒಬ್ಬಳೇ ಕೂತಾಗ ಹಿತ್ತಲ ಬಾಗಿಲಲ್ಲಿ ಯಾರಾದರೂ ಬಂದು ನಿಂತು ಆ ಮಾತನ್ನು ಕೇಳಲಿ ಎಂದು ಮನಸ್ಸು ಹಂಬಲಿಸುತ್ತದೆ. ಹಾಗೆ ಹಂಬಲಿಸುವಾಗ ನನ್ನ ಕಣ್ಣಮುಂದೆ ಬರುವವರು ನೆರೆಹೊರೆಯವರಲ್ಲ, ನಂಟರೂ ಅಲ್ಲ. ನಗಬೇಡಿ, ಒಬ್ಬ ರಾಜಕೀಯದ ಹೆಂಗಸು. ಅದೂ ವಿರೋಧ ಪಕ್ಷದವರು, ಅದೂ ಸೋತವರು.

ಎಪ್ಪತ್ತರ ದಶಕವೆಂದರೆ ನಿಮಗೆ ಏನು ನೆನಪಾಗುತ್ತದೋ ನಾನರಿಯೆ, ನನಗೆ ನೆನಪಾಗುವುದು ಬೆಲೆ. ಸಕ್ಕರೆಗೆ ಬೆಲೆ ಬಂತು, ಎಣ್ಣೆಗೆ ಬೆಲೆ ಬಂತು, ಚಿಮಣಿ ಎಣ್ಣೆಯಂತೂ ದೇವರ ತೀರ್ಥದಷ್ಟೇ ಸಿಗತೊಡಗಿತು. ದೊಡ್ಡವರು ಯಾವ ವಿಷಯ ಎತ್ತಿಕೊಂಡರೂ ಅದು ಕೊನೆಗೆ ಹೋಗಿ ಅಕ್ಕಿಯಲ್ಲಿ ನಿಲ್ಲುತ್ತಿತ್ತು. ಅಂಥ ಒಂದು ವರ್ಷ ವಿರೋಧ ಪಕ್ಷದವರು ಮನೆಮನೆಗೆ ಹೋಗಿ ಸಂಸಾರಸ್ಥರ ಕಷ್ಟ ಕೇಳುವ ಕಾರ್ಯಕ್ರಮ ಹಾಕಿಕೊಂಡು ನಮ್ಮ ಕೇರಿಗೂ ಬಂದರು. ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ನಾಲ್ಕಾರು ಗಂಡಸರು ನಮ್ಮ ಜಗುಲಿಯ ಮೇಲೆ ಕೂತು, ಬೆಲ್ಲ ನೀರು ಕುಡಿದು, ಬೆಲೆಯೇರಿಕೆಯ ಮೇಲೆ ಸುದೀರ್ಘವಾಗಿ ಮಾತಾಡಿದರು. ಅವರಲ್ಲಿ ಹಿರಿಯರೊಬ್ಬರು ಕೊನೆಗೆ ಎದ್ದುನಿಂತು, "ನಮ್ಮ ಪಕ್ಷ ಬಂದರೆ ಅಕ್ಕಿ, ಎಣ್ಣೆ, ಮೀನು, ಎಲ್ಲದರ ಬೆಲೆಯನ್ನೂ ಅರ್ಧಕ್ಕೆ ಇಳಿಸುತ್ತೇವೆ" ಎಂದು ಘೋಷಿಸಿಬಿಟ್ಟರು.

ನನ್ನ ಆಯಿ, ಎಂದರೆ ತಾಯಿ, ಬಾಗಿಲ ಮರೆಯಿಂದಲೇ ಕೇಳಿದಳು: "ಮೀನಿನ ಬೆಲೆ ಅರ್ಧ ಮಾಡ್ತ್ರಿ? ಹಂಗಾರೆ ನಾವು ಎಂತ ತಿನ್ನೂದು ಒಡೆಯಾ?"

ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮೀನು ಮಾರಿ ಅಕ್ಕಿ ಕೊಳ್ಳುವವರ ಮುಂದೆ ಮೀನು ಅಗ್ಗ ಮಾಡುತ್ತೇವೆಂದು ಆಣೆಯಿಟ್ಟರೆ ಇನ್ನೇನಾದೀತು! ಮೀನನ್ನು ಕೊಳ್ಳುವವರ ಊರಿನಲ್ಲಿ ಚಪ್ಪಾಳೆ ಗಿಟ್ಟಿಸಿದ ಭಾಷಣವನ್ನೇ ಪಾಪ, ಅವರು ಮೀನು ಹಿಡಿಯುವವರ ಊರಿಗೂ ಹೊತ್ತು ತಂದಿದ್ದರು. ಬಂದವರು ಮುಖ ಸಣ್ಣದು ಮಾಡಿಕೊಂಡು ಹೋದರು, ಕೇರಿ ಒಂದು ವಾರ ಅದೇ ಮಾತನ್ನು ಆಡಿಕೊಂಡು ಆನಂದಪಟ್ಟಿತು.

ಮುಂದಿನ ವಾರ ಅದೇ ಪಕ್ಷದಿಂದ ಒಬ್ಬರೇ ಬಂದರು, ಜಗುಲಿಗಲ್ಲ, ಹಿತ್ತಲಿಗೆ. ಐವತ್ತರ ಹತ್ತಿರದ, ತೆಳ್ಳನೆಯ, ನೂಲಿನ ಸೀರೆಯ ಹೆಂಗಸು. ಮೊದಲು ಹೊನ್ನಾವರದ ಕಡೆ ಶಾಲೆಯಲ್ಲಿ ಕಲಿಸುತ್ತಿದ್ದರಂತೆ, ಹಾಗಾಗಿ ಎಲ್ಲರ ಬಾಯಲ್ಲೂ ಅವರು ಅಕ್ಕೋರು. ತೋಟ ಇದ್ದ ಮನೆತನದವರು. ಕೆಲಸ ಬಿಟ್ಟ ಮೇಲೆ ಕುಮಟೆಯ ಪಕ್ಷದ ಕಚೇರಿಯ ಮಗ್ಗುಲಲ್ಲೇ ಒಂದು ಕೋಣೆ ಹಿಡಿದಿದ್ದರು. ಬಂದವರೇ ಮೀನು ತೊಳೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ನಮ್ಮವರು ಹೋದ ವಾರ ದಡ್ಡತನ ಮಾಡಿದ್ರು. ನಗಾಡಿ, ತೊಂದ್ರೆ ಇಲ್ಲೆ. ಆದ್ರೆ ನನಗೆ ಹೇಳಿ, ಇವತ್ತು ಎಂತ ಪದಾರ್ಥ?" ಎಂದರು.

ಮೀನು ತಿನ್ನದವರು ಈ ಪ್ರಶ್ನೆ ಕೇಳಿದ್ದು ಆಯಿಗೆ ತಮಾಷೆಯಾಗಿ ಕಂಡಿರಬೇಕು. ಆದರೂ ಹೇಳಿದಳು. ಅಕ್ಕೋರು ಅಲ್ಲಿಗೇ ಬಿಡಲಿಲ್ಲ. ಅಕ್ಕಿ ಎಲ್ಲಿಯದು, ಸೊಸೈಟಿಯದೋ ಸಾಹುಕಾರರ ಅಂಗಡಿಯದೋ, ಸೊಸೈಟಿಯಲ್ಲಿ ಅಗ್ಗವಾಗಿ ಸಿಗುವಾಗ ಸಾಹುಕಾರರಲ್ಲಿ ದುಬಾರಿ ಕೊಟ್ಟು ತರುವುದೇಕೆ ಎಂದು ಒಂದೊಂದಾಗಿ ಕೇಳಿದರು. ಸರ್ಕಾರದ ರೇಷನ್ ಅಂಗಡಿಗೆ ನಮ್ಮ ಕಡೆ ಸೊಸೈಟಿ ಎಂದೇ ಹೆಸರು.

ಆಯಿ ಕೊಟ್ಟ ಉತ್ತರ ನನಗೆ ಈಗಲೂ ನೆನಪಿದೆ. "ಸೊಸೈಟಿ ಬಾಗ್ಲು ತೆಗೂದು ಬೆಳಿಗ್ಗೆ, ಹಾಕೂದು ಮಧ್ಯಾಹ್ನ. ಬೆಳಿಗ್ಗೆ ನಾವು ದೋಣಿ ಕಾಯ್ತಾ ದಂಡೆ ಮೇಲಿರ್ತೇವೆ. ಇಲ್ಲೇ ಇದ್ರೂ ಕೈಲಿ ಕಾಸು ಎಲ್ಲದೆ? ಮೀನು ಕುಮಟೆಗೆ ಹೊತ್ಕ ಹೋಗಿ ಮಾರಿದ್ರೆ ಕಾಸು. ಬರೂದ್ರೊಳಗೆ ಸಂಜೆ ಆತು, ಸೊಸೈಟಿ ಬೀಗ ಹಾಕಿ ಆತು. ಸಾಹುಕಾರರ ಅಂಗಡಿ ರಾತ್ರಿ ತಂಕ ಇರ್ತದೆ."

ಎಷ್ಟು ಸರಳವಾದ ಸಂಗತಿ, ನೋಡಿ. ಮೇಲಿನ ಊರಿನ ಬೇಸಾಯದ ಮನೆಗಳಿಗೆ ಬೆಳಿಗ್ಗೆಯ ಅಂಗಡಿ ಅನುಕೂಲ, ಆದ್ದರಿಂದ ಅದು ಬೆಳಿಗ್ಗೆಯ ಅಂಗಡಿ. ನಮ್ಮ ಬೆಳಗು ಸಮುದ್ರದ ಪಾಲು, ನಮ್ಮ ಕಾಸು ಸಂಜೆಯ ಪಾಲು. ಸರ್ಕಾರ ಅಗ್ಗದ ಅಕ್ಕಿ ಕಳಿಸುತ್ತಲೇ ಇತ್ತು, ನಾವು ದುಬಾರಿ ಅಕ್ಕಿ ಉಣ್ಣುತ್ತಲೇ ಇದ್ದೆವು. ಅದನ್ನು ನಾವು ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ. ಮಳೆ ಹೇಗೋ, ಬಿಸಿಲು ಹೇಗೋ, ಸೊಸೈಟಿಯ ಬೀಗವೂ ಹಾಗೆಯೇ ಎಂದುಕೊಂಡಿದ್ದೆವು.

ಅಕ್ಕೋರು ಬರಿಯ ಮಾತನ್ನು ನಂಬಿ ಎದ್ದು ಹೋಗುವವರಲ್ಲ. ಮರುದಿನ ಬೆಳಿಗ್ಗೆ ದಂಡೆಗೆ ಬಂದು, ಆಯಿಯ ಜೊತೆ ಕುಮಟೆಯ ಮೀನುಪೇಟೆಯವರೆಗೆ ನಡೆದು, ಮೀನು ಖರ್ಚಾಗುವ ತನಕ ಪಕ್ಕದಲ್ಲಿ ಕೂತು, ಮತ್ತೆ ಅವಳ ಜೊತೆಯಲ್ಲೇ ಹಿಂದಿರುಗಿ, ಬೀಗ ಹಾಕಿದ ಸೊಸೈಟಿಯ ಮುಂದೆ ನಿಂತರು. ಬಿಸಿಲಿಗೆ ಅವರ ಮುಖ ಕೆಂಪಡರಿತ್ತು. ಅವತ್ತಿನಿಂದ ಅವರ ಬಾಯಲ್ಲಿ ಒಂದೇ ಮಾತು: ಬೆಲೆ ಇಳಿಸುವುದು ಆಮೇಲಿನದು, ಮೊದಲು ಬಾಗಿಲನ್ನು ಸಂಜೆ ತೆಗೆಸಬೇಕು. ಪಕ್ಷದ ಹಿರಿಯರಿಗೆ ಇದೊಂದು ಧೋರಣೆ ಎನಿಸಲಿಲ್ಲ. ದೇಶದ ಅರ್ಥನೀತಿಯನ್ನು ಟೀಕಿಸಲು ಹೊರಟವರು ಒಂದು ಬಾಗಿಲಿನ ವಿಷಯ ಹಿಡಿದುಕೊಂಡು ಕೂರುವುದೇ ಎಂದು ಅವರು ನಕ್ಕರಂತೆ. ಅಕ್ಕೋರು ಬಿಡಲಿಲ್ಲ, ಅರ್ಜಿ ಹಿಡಿದು ಕಚೇರಿಗಳನ್ನು ಸುತ್ತಿದರು, ಪಕ್ಷದ ಭರವಸೆಗಳಲ್ಲಿ ಅದನ್ನೂ ಸೇರಿಸಲು ಹಟ ಹಿಡಿದರು. ಕೊನೆಗೆ ಅದು ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ ಸೇರಿತು.

ಅಷ್ಟರಲ್ಲಿ ಅಕ್ಕೋರು ನಮ್ಮ ಮನೆಯ ಮಂದಿಯೇ ಆಗಿಹೋಗಿದ್ದರು. ಆಯಿ ಸಂತೆಯಿಂದ ಒಂದು ಹೊಸ ಮಣ್ಣಿನ ಗಡಿಗೆ ತಂದು, ಅದಕ್ಕೆ ಮೀನಿನ ಕೈ ತಾಗದಂತೆ ಎತ್ತರದಲ್ಲಿಟ್ಟು, ಅವರು ಬಂದ ದಿನ ಅದರಲ್ಲೇ ಗಂಜಿ ಬೇಯಿಸುತ್ತಿದ್ದಳು. "ನೀವು ಅಷ್ಟೆಲ್ಲ ಮಾಡೂದು ಬೇಡ, ನನಗೆ ಅದೆಲ್ಲ ನಡೀತದೆ" ಎಂದು ಅಕ್ಕೋರು ಹೇಳಿದರೆ, "ನಿಮಗೆ ನಡೀತದೆ, ನನಗೆ ನಡಿಯೂದಿಲ್ಲ" ಎನ್ನುವುದು ಆಯಿಯ ಉತ್ತರ. ಹೊಟ್ಟೆತುಂಬ ಉಂಡು, ಹಿತ್ತಲಲ್ಲಿ ಕಾಲು ಚಾಚಿ, ಬಲೆ ಹೆಣೆಯುವುದು ಹೇಗೆ, ರಂಪಣಿ ಎಳೆಯುವುದು ಹೇಗೆ, ಪಾಲು ಹಂಚುವುದು ಹೇಗೆ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದರು. ಆಯಿಯ ಮಾತನ್ನು ಅಷ್ಟು ಹೊತ್ತು ಕೂತು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನನ್ನ ಅಪ್ಪನೂ ಇಲ್ಲ, ನಾನೂ ಇಲ್ಲ.

ರಂಪಣಿಯನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅದು ಊರಿಗೆ ಊರೇ ಸೇರಿ ಎಳೆಯುವ ಬಲೆ. ಮೀನಿನ ಹಿಂಡು ದಂಡೆಯ ಸಮೀಪ ಬಂದದ್ದು ಕಂಡರೆ ದೋಣಿಗಳು ಸುತ್ತುಹಾಕಿ ಬಲೆ ಬಿಡುತ್ತವೆ. ಅದರ ಎರಡು ತುದಿಯ ಹಗ್ಗಗಳನ್ನು ಗಂಡು ಹೆಣ್ಣೆನ್ನದೆ ಎಲ್ಲರೂ ಹಿಡಿದು, ಗಂಟೆಗಟ್ಟಲೆ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತಾ ಎಳೆಯಬೇಕು. ಹಿಡಿದವರಿಗೆಲ್ಲ ಪಾಲುಂಟು. ಆದರೆ ಬಲೆ ದಂಡೆಗೆ ಬರುವ ಮುಂಚೆ ಹಗ್ಗ ಬಿಟ್ಟು ಹೋದವರಿಗೆ ಪಾಲಿಲ್ಲ. ಇದು ಹಿರಿಯರ ಕಾಲದ ಕಟ್ಟಳೆ, ಯಾರ ಮುಖ ನೋಡಿಯೂ ಸಡಿಲವಾಗುತ್ತಿರಲಿಲ್ಲ. ಆ ವರ್ಷಗಳಲ್ಲಿ ಯಂತ್ರದ ದೋಣಿಗಳು ಬಂದು ಮೀನನ್ನು ದೂರದಲ್ಲೇ ಬಾಚಿಕೊಳ್ಳತೊಡಗಿದ್ದರಿಂದ ರಂಪಣಿಗೆ ಹಿಂಡು ಸಿಗುವುದೇ ಅಪರೂಪವಾಗಿತ್ತು. ಒಂದು ಒಳ್ಳೆಯ ಎಳೆತ ಸಿಕ್ಕರೆ ಉಪ್ಪು ಹಾಕಿ ಒಣಗಿಸಿ ಮಳೆಗಾಲ ಕಳೆಯಬಹುದು. ಸಿಗದಿದ್ದರೆ ಸಾಹುಕಾರರೇ ಗತಿ.

ಚುನಾವಣೆ ಬಂತು. ನಮ್ಮ ಭಾಗಕ್ಕೆ ನಿಲ್ಲಲು ಪಕ್ಷದ ಗಂಡಸರು ಯಾರೂ ಮುಂದೆ ಬರದೆ, ಸೋಲುವ ಜಾಗಕ್ಕೆ ಹೆಂಗಸಾದರೂ ಆದೀತೆಂದು ಅಕ್ಕೋರನ್ನು ನಿಲ್ಲಿಸಿದರು. ಆದರೆ ಕೇರಿಯ ಹೆಂಗಸರು ಅದನ್ನು ಸೋಲುವ ಜಾಗವೆಂದು ಎಣಿಸಿರಲಿಲ್ಲ. ಆಯಿ ಮನೆಮನೆಗೆ ಹೋಗಿ ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದಳು. ಮತದಾನದ ದಿನ ಮುಂಜಾನೆಯೇ ಮಿಂದು, ಮದುವೆಗೆ ಉಡುವ ಕೆಂಪು ಸೀರೆ ಉಟ್ಟು, ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಮೇಲಿನ ಊರಿನ ಶಾಲೆಗೆ ಹೋಗುವುದೆಂದು ನಿಶ್ಚಯಿಸಿದ್ದಳು. ನನಗಿನ್ನೂ ಓಟಿನ ವಯಸ್ಸಾಗಿರಲಿಲ್ಲ. ನೋಡಲು ನಾನೂ ಹೊರಟಿದ್ದೆ.

ಹೊರಡುವಷ್ಟರಲ್ಲಿ ದಂಡೆಯಿಂದ ಕೂಗು ಬಂತು. ಬಂಗಡೆಯ ಹಿಂಡು, ನೀರೇ ಕಪ್ಪಾಗುವಷ್ಟು. ದೋಣಿಗಳು ಆಗಲೇ ಸುತ್ತುಹಾಕಿದ್ದವು. ಎಳೆದು ಮುಗಿಸಿ ಹೋದರಾಯಿತು ಎಂದುಕೊಂಡು ಎಲ್ಲರೂ ಓಡಿದರು. ಆಯಿ ಕೆಂಪು ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೆಂಕಣ ಹಗ್ಗಕ್ಕೆ ಕೈ ಹಾಕಿದಳು, ಅವಳ ಹಿಂದೆ ನಾನು. ಬಲೆ ಭಾರವಾಗಿತ್ತು. ಇನ್ನೇನು ಬಂತು, ಇನ್ನೇನು ಬಂತು ಎನ್ನುತ್ತಲೇ ಬಿಸಿಲು ಇಳಿಯಿತು. ನಡುನಡುವೆ ಆಯಿ ತಿರುಗಿ ಸೂರ್ಯನನ್ನು ನೋಡುತ್ತಿದ್ದಳು. ಬಲೆ ದಂಡೆಗೆ ಬಿದ್ದಾಗ ಹೊತ್ತು ಮುಳುಗಿತ್ತು, ಮೇಲಿನ ಊರಿನ ಶಾಲೆಯಲ್ಲಿ ಪೆಟ್ಟಿಗೆಗಳಿಗೆ ಅರಗು ಹಾಕಿಯಾಗಿತ್ತು. ಅಂಥ ಮೀನನ್ನು ಕೇರಿ ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಮುಂದೆಯೂ ಕಾಣಲಿಲ್ಲ. ಎಲ್ಲರೂ ಕುಣಿಯುತ್ತಿದ್ದಾಗ ಆಯಿ ಒಬ್ಬಳೇ ಮರಳಿನ ಮೇಲೆ ಕೂತು ಅತ್ತಳು.

ಅಕ್ಕೋರು ಸೋತರು. ನಮ್ಮ ಕೇರಿಯ ಮತ ಬಿದ್ದಿದ್ದರೆ ಗೆಲ್ಲುತ್ತಿದ್ದರು ಎಂದು ಕುಮಟೆಯ ಪೇಟೆಯಲ್ಲಿ ಆಡಿಕೊಂಡದ್ದನ್ನು ಆಯಿ ಮೀನು ಮಾರುತ್ತಲೇ ಕೇಳಿಸಿಕೊಂಡು ಬಂದಳು. ಕೆಲವು ತಿಂಗಳಾದ ಮೇಲೆ, ಗೆದ್ದ ಪಕ್ಷದವರು ಬಂದು ಹಾರ ಹಾಕಿಸಿಕೊಂಡು, ವಾರಕ್ಕೆರಡು ದಿನ ಸೊಸೈಟಿಯನ್ನು ಸಂಜೆ ತೆರೆಯಲಾಗುವುದೆಂದು ಸಾರಿದರು. ಅಟ್ಟವರು ಒಬ್ಬರು, ಬಡಿಸಿ ಹೆಸರು ಪಡೆದವರು ಇನ್ನೊಬ್ಬರು. ರಾಜಕೀಯದಲ್ಲಿ ಇದು ಹೊಸತಲ್ಲ. ಮೀನಿನ ಕಾಸನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಆಯಿ ಮೊದಲ ಸಲ ಸಂಜೆಯ ಅಂಗಡಿಯಿಂದ ಅಕ್ಕಿ ತಂದಳು. ಕೇರಿಯ ಹೆಂಗಸರು ಅದನ್ನು ಅಕ್ಕೋರ ಅಕ್ಕಿ ಎಂದೇ ಕರೆಯುತ್ತಿದ್ದರು, ಸ್ವಲ್ಪ ದನಿ ತಗ್ಗಿಸಿ.

ಆದರೆ ಅಕ್ಕೋರು ಬರಲಿಲ್ಲ. ಪಕ್ಷದ ಕಚೇರಿಯಲ್ಲಿ ವಿಚಾರಿಸಿದರೆ ಭಟ್ಕಳದ ಕಡೆ ಹೋಗಿದ್ದಾರೆ ಎಂದರು. ಆಯಿಗೆ ಅವರಿಂದ ಏನೂ ಬೇಕಾಗಿರಲಿಲ್ಲ. ಓಟು ಹಾಕದೆ ಹೋದದ್ದು ಪ್ರೀತಿ ಇಲ್ಲದ್ದಕ್ಕಲ್ಲ ಎಂಬ ಒಂದು ಮಾತನ್ನು ಹೇಳಬೇಕಾಗಿತ್ತು, ಅಷ್ಟೇ. ಹಿತ್ತಲಲ್ಲಿ ನಾಯಿ ಬೊಗಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ನೋಡುತ್ತಿದ್ದಳು. "ಚುನಾವಣೆ ಮುಗೀತಲ್ಲ, ಇನ್ನೆಂತಕೆ ಬತ್ತಾರೆ" ಎಂದು ಅಪ್ಪ ಅಂದ ದಿನ ಅವಳು ಉಣ್ಣಲಿಲ್ಲ. ಆ ಮಾತೇ ನಿಜವಿರಬಹುದೇ ಎಂಬ ಭಯ ಅವಳಿಗೆ ಒಳಗೊಳಗೇ ಇತ್ತು. ಉಂಡದ್ದು, ಕಾಲು ಚಾಚಿ ಕೂತದ್ದು, ಕೇಳಿದ್ದು ಎಲ್ಲವೂ ಪಕ್ಷದ ಕೆಲಸವೇ ಆಗಿತ್ತೇ?

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಭಟ್ಕಳದಲ್ಲಿ ಕೆಲಸ ಸಿಕ್ಕಿತು. ಕೋಣೆ ನೋಡಲು ಆಯಿಯೂ ನನ್ನ ಜೊತೆ ಬಂದಳು. ಯಾರೋ ಹೇಳಿದ, ನವಾಯತರ, ಎಂದರೆ ಭಟ್ಕಳದ ಹಳೆಯ ಮುಸ್ಲಿಂ ವ್ಯಾಪಾರಿಗಳ, ಮನೆಯ ಹಿಂಬದಿಯ ಕೋಣೆಯನ್ನು ಹುಡುಕಿಕೊಂಡು ಹೋದರೆ, ಅಲ್ಲಿಯ ಒಳ ಅಂಗಳದಲ್ಲಿ ಮನೆಯೊಡತಿಯ ಎದುರು ಕುಕ್ಕರುಗಾಲಲ್ಲಿ ಕೂತು ಅಕ್ಕೋರು ಮಾತಾಡುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮನೆಯೊಡತಿ ಕೊಂಕಣಿಗೆ ಹತ್ತಿರದ ನವಾಯತಿಯಲ್ಲಿ ಹೇಳುತ್ತಿದ್ದರು, ಅಕ್ಕೋರು ಕೊಂಕಣಿಯಲ್ಲಿ ಕೇಳುತ್ತಿದ್ದರು. ರೇಷನ್ ಕಾರ್ಡು ಗಂಡನ ಹೆಸರಿನಲ್ಲಿ, ಗಂಡ ದುಬೈಯಲ್ಲಿ. ಅವನು ಬರದೆ ಚಿಮಣಿ ಎಣ್ಣೆ ಕೊಡುವುದಿಲ್ಲವಂತೆ. ನಮ್ಮ ಹಿತ್ತಲಲ್ಲಿ ಕೇಳುತ್ತಿದ್ದ ಹಾಗೆಯೇ, ತಲೆಯನ್ನು ಸ್ವಲ್ಪ ಓರೆ ಮಾಡಿ ಅವರು ಕೇಳುತ್ತಿದ್ದರು. ಆಯಿ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಮುಖದಲ್ಲಿ ಸಂತೋಷ ಬಂತು, ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಬಂತು. ಆ ಓರೆ ತಲೆ ತನಗೊಬ್ಬಳಿಗೇ ಸೇರಿದ್ದು ಎಂದು ಅವಳು ತಿಳಿದಿದ್ದಳು.

ಅಕ್ಕೋರು ತಿರುಗಿ ನೋಡಿದವರೇ ಎದ್ದು ಬಂದು ಅವಳ ಎರಡೂ ಕೈ ಹಿಡಿದರು. ಆಯಿ ಅಷ್ಟು ವರ್ಷ ಕಟ್ಟಿಟ್ಟುಕೊಂಡಿದ್ದ ಮಾತು ಆಗಲೇ ಬಾಯಿಗೆ ಬಂತು. "ಅಕ್ಕೋರೆ, ಅವತ್ತು ನಿಮಗೆ ಓಟು ಹಾಕೂಕೆ ಆಗ್ಲಿಲ್ಲ. ರಂಪಣಿ ಬಿದ್ದಿತ್ತು."

"ಗೊತ್ತಿದ್ದು," ಎಂದರು ಅಕ್ಕೋರು, ತಮ್ಮ ಮನೆಮಾತಿನಲ್ಲಿ. ಆಮೇಲೆ ನಮ್ಮ ಮಾತಿಗೆ ಹೊರಳಿದರು. "ನಾನು ಬಂದಿದ್ದೆ. ಮಧ್ಯಾಹ್ನ ಆದ್ರೂ ನಿಮ್ಮ ಕೇರಿಯವರು ಒಬ್ಬರೂ ಕಾಣ್ಲಿಲ್ಲ ಹೇಳಿ ಕರೂಕೆ ಬಂದೆ. ದಂಡೆ ಮೇಲಿನ ಗಾಳಿಮರದ ಬುಡದಲ್ಲಿ ನಿಂತಿದ್ದೆ. ನೀವು ತೆಂಕಣ ಹಗ್ಗದಲ್ಲಿದ್ರಿ, ಕೆಂಪು ಸೀರೆ ಉಟ್ಕಂಡು."

"ಮತ್ತೆ ಕರೀಲಿಲ್ಲ ಎಂತಕೆ?" ಎಂದಳು ಆಯಿ.

"ಕರೆದಿದ್ರೆ ನೀವು ಬತ್ತಿದ್ರಿ. ನಿಮ್ಮ ಹಿಂದೆ ಎಲ್ಲರೂ ಬತ್ತಿದ್ರು. ಹಗ್ಗ ಬಿಟ್ಟವರಿಗೆ ಪಾಲಿಲ್ಲ ಹೇಳಿ ನೀವೇ ಹೇಳಿದ್ರಲ್ಲ ನನಗೆ. ಆ ಮಳೆಗಾಲ ಎಂತ ತಿಂತಿದ್ರಿ?"

"ಆಮೇಲಾದ್ರೂ ಒಂದ್ಸಲ ಬರೂಕಾಗಿತ್ತು."

"ಬಂದಿದ್ರೆ ನೀವು ತಪ್ಪಾಯ್ತು ಅಂತಿದ್ರಿ. ತಪ್ಪೇ ಇಲ್ಲದವರ ಬಾಯಲ್ಲಿ ಅದನ್ನ ಕೇಳೂಕೆ ನನ್ನಿಂದ ಆಗ್ತಿರಲಿಲ್ಲ," ಎಂದರು ಅಕ್ಕೋರು. ಮತ್ತೆ ಒಳಗೆ ನೋಡಿ, ಮನೆಯೊಡತಿ ಕಾಯುತ್ತಿದ್ದಾರೆಂದು ಕೈ ಬಿಟ್ಟರು.

ಸಂಸಾರದ ಖರ್ಚಿನ ಬಗ್ಗೆ, ಬಡವರ ಅನ್ನದ ಬಗ್ಗೆ ಆಮೇಲೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ, ಎಷ್ಟೋ ಯೋಜನೆಗಳ ಕಾಗದವನ್ನು ನಾನೇ ಟೈಪು ಮಾಡಿದ್ದೇನೆ. ಅವುಗಳಲ್ಲಿ ಒಳ್ಳೆಯವೂ ಇದ್ದವು, ಇಲ್ಲವೆನ್ನಲಾರೆ. ಆದರೆ ಗೆಲುವು ಕೂಗಳತೆಯಲ್ಲಿದ್ದಾಗ ಗಾಳಿಮರದ ಬುಡದಲ್ಲಿ ನಿಂತು, ಎಳೆಯುವವರ ಕೈಯನ್ನೂ ಹಗ್ಗವನ್ನೂ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿದ ಇನ್ನೊಬ್ಬರನ್ನು ನಾನು ಕಾಣಲಿಲ್ಲ. ಕಾಣಬೇಕೆಂಬ ಆಸೆ ಇನ್ನೂ ಸತ್ತಿಲ್ಲ.

ಆ ದಿನ ಭಟ್ಕಳದಿಂದ ಊರಿಗೆ ಮರಳುವ ಬಸ್ಸಿನಲ್ಲಿ ಆಯಿ ಕಿಟಕಿಯ ಪಕ್ಕ ಕೂತಿದ್ದಳು. ಶರಾವತಿ ದಾಟಿತು, ಹೊನ್ನಾವರ ದಾಟಿತು. ಮನಸ್ಸು ಹಗುರಾಗಿರಬೇಕು ಎಂದುಕೊಂಡು, "ಸಮಾಧಾನ ಆತಾ ಆಯಿ?" ಎಂದು ಕೇಳಿದೆ.

"ಅವರು ಕರೀಬೇಕಾಗಿತ್ತು," ಎಂದಳು.

"ಕರೆದಿದ್ರೆ ಪಾಲು ಹೋಗ್ತಿತ್ತಲ್ಲೆ?"

"ಹೋಗ್ತಿತ್ತು," ಎಂದಳು ಆಯಿ. "ಹಂಗಾದ್ರೂ ಒಂದು ಸಲ ಕರೀಬೇಕಾಗಿತ್ತು."